ಪೈಜಾಮದ ಎಡಗಾಲು

ದರ್ಜಿಯ ಅಳತೆ ತಪ್ಪಿದ್ದನ್ನು ಆ ಬೀದಿಯಲ್ಲಿ ಕಂಡವರಿಲ್ಲ; ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ. ಮಗಳು ಹೊಟ್ಟೆಯ ಆಪರೇಷನ್ ಆಗಿ ಮಕ್ಕಳ ವಾರ್ಡಿನಲ್ಲಿ ಮಲಗಿದಾಗ, ಆಸ್ಪತ್ರೆಯವರು ಕೊಟ್ಟ ಒರಟು ಬಟ್ಟೆ ಅವನ ಕಣ್ಣಿಗೆ ಚುಚ್ಚಿತು. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಪೈಜಾಮ ಹೊಲಿದು ತಂದ. ಅವಳ ಎಡತೊಡೆಯ ರಕ್ತನಾಳಕ್ಕೆ ಔಷಧಿಯ ನಳಿಕೆ ಹಾಕಿದ್ದರು. ಅದಕ್ಕೆಂದೇ ಆ ಬದಿಗೆ ಸೀಳು ಬಿಟ್ಟು ಗುಂಡಿ ಇಟ್ಟಿದ್ದ. ನರ್ಸಮ್ಮ ಹೊಗಳಿದ್ದೇ ತಡ, ಉಬ್ಬಿಹೋದ. ಬಟ್ಟೆ ಬದಲಿಸುವ ಕೆಲಸ ಇನ್ನು ಯಾರಿಗೂ ಬೇಡ, ತನಗೇ ಇರಲಿ ಎಂದ. ನರ್ಸಮ್ಮ ಗುಂಡಿ ಬಿಚ್ಚಿ ನಳಿಕೆಯ ಜಾಗವನ್ನಷ್ಟೇ ನೋಡಿ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಎಡಗಾಲಿನ ಬಟ್ಟೆ ಏರಲೇ ಇಲ್ಲ. ಬಲಗಾಲು ಸಲೀಸಾಗಿತ್ತು. ದರ್ಜಿಗೆ ಮೈಯೆಲ್ಲ ಉರಿಯಿತು, ತನ್ನ ಮೇಲೆಯೇ. ಬೇರೆ ಯಾರಾದರೂ ಆಗಿದ್ದರೆ ಕಾಲನ್ನು ನೋಡುತ್ತಿದ್ದರು. ಈ ಮಹಾರಾಯ ಹೊಲಿಗೆಯನ್ನು ನೋಡಿದ. ಕಿಟಕಿಯ ಕಡೆ ತಿರುಗಿ ಕೂತು, ಯಾರಿಗೂ ಕಾಣದ ಹಾಗೆ ಬಿಚ್ಚಿ ಸಡಿಲ ಮಾಡಿದ. ಮರುದಿನ ಮತ್ತೆ ಬಿಗಿ. ಒಗೆದಾಗ ಬಟ್ಟೆ ಕುಗ್ಗಿರಬೇಕು ಅಂದುಕೊಂಡ. ಒಂದೇ ಕಾಲು ಕುಗ್ಗುವ ಬಟ್ಟೆ ಲೋಕದಲ್ಲಿ ಎಲ್ಲಿದೆಯೋ! ಮತ್ತೆ ಬಿಚ್ಚಿದ. ಒತ್ತುತ್ತಾ ಎಂದು ಕೇಳಿದರೆ ಮಗಳು ತಲೆಯಾಡಿಸಿಬಿಟ್ಟಳು, ಇಲ್ಲ ಎಂದು.

ಅದರ ಮರುದಿನ ಹಾಸಿಗೆ ಬದಲಿಸುವಾಗ ನರ್ಸಮ್ಮ ಎರಡೂ ಕಾಲು ಪಕ್ಕಪಕ್ಕ ನೋಡಿದಳು. ಎಡಗಾಲು ಊದಿಕೊಂಡು ಬಣ್ಣ ಕಂದಿತ್ತು. ಕೂಡಲೇ ಸ್ಕ್ಯಾನ್ ಆಯಿತು.

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದರು. ನಳಿಕೆ ಇದ್ದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅಲುಗಾಡದೆ ಮಲಗಿದ ಮಕ್ಕಳಲ್ಲಿ ಹೀಗಾಗುವುದುಂಟು. ಅದರ ಚೂರು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಇಂಜೆಕ್ಷನ್ ಶುರುಮಾಡಿದ್ದಾರೆ. ಆಮೇಲೆ, ಊತ ಯಾವತ್ತಿನಿಂದ ಇದೆ ಎಂದು ಕೇಳಿದರು.

ಇವತ್ತಿನಿಂದ ಎಂದರೆ ಮುಗಿದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ದರ್ಜಿಗೆ ಭಯವಾಗಿತ್ತು; ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು.

"ಮೊನ್ನೆಯಿಂದ," ಎಂದ. "ಪೈಜಾಮ ಬಿಗಿ ಆಯ್ತು. ನನ್ನ ಹೊಲಿಗೇನೇ ತಪ್ಪಿದೆ ಅಂದ್ಕೊಂಡು ಬಿಚ್ತಾ ಬಂದೆ."

ಡಾಕ್ಟರಮ್ಮ ಬೈಯಲಿಲ್ಲ. ತಿಂಗಳುಗಟ್ಟಲೆ ಔಷಧಿ ಬೇಕಾಗುತ್ತದೆ, ಕಾಲು ಮೊದಲಿನ ಹಾಗೆ ಆಗುತ್ತದೋ ಇಲ್ಲವೋ ಈಗಲೇ ಹೇಳಲಾಗದು, ಇನ್ನು ಸ್ವಲ್ಪ ದಿನ ಕಣ್ಣಿಟ್ಟು ನೋಡಬೇಕು ಎಂದು ಎದ್ದುಹೋದರು.

ದರ್ಜಿ ಮಂಚದ ಅಂಚಿನಲ್ಲಿ ಕೂತ. ನೋಯುತ್ತಿತ್ತಾ ಎಂದು ಕೇಳಿದ. ಮಗಳು ಹೂಂ ಎಂದಳು.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ, ಕಂದಾ?"

"ನೀನು ಸರಿ ಮಾಡ್ತಾ ಇದ್ಯಲ್ಲಪ್ಪ," ಎಂದಳು ಅವಳು.