ಊರು-ಹೆಸರಿರುವ ತಪ್ಪು

ಮೂರು ತಿಂಗಳಿಂದ ಸತ್ಯಮ್ಮ ಟೀಚರು ಪ್ರಭುಭೋಜನ ತೆಗೆದುಕೊಂಡಿರಲಿಲ್ಲ. ಯೇಸುವಿನ ನೆನಪಿಗೆ ಹಂಚುವ ರೊಟ್ಟಿಯ ತಟ್ಟೆ ಬರುವ ಹೊತ್ತಿಗೆ ಸರಿಯಾಗಿ ಕೆಮ್ಮು ಬರುತ್ತಿತ್ತು. ಬಾಯಿಗೆ ಸೆರಗು ಹಿಡಿದು ಚರ್ಚಿನ ಹೊರಗೆ ನಡೆದುಬಿಡುತ್ತಿದ್ದಳು.

ಬಳ್ಳಾರಿಯ ಆ ಸಣ್ಣ ಸಭೆಯಲ್ಲಿ ಇದನ್ನು ಗಮನಿಸಿದವಳು ಯಂಕಮ್ಮ ಒಬ್ಬಳೇ. ನಲವತ್ತು ವರ್ಷ ಊರೂರು ತಿರುಗಿ ಹೆಂಗಸರಿಗೆ ಸುವಾರ್ತೆ ಹೇಳಿದ ಮುದುಕಿ. ಒಂದು ಸಂಜೆ ಶೇಂಗಾ ಸುಲಿಯುತ್ತಾ ಕೇಳಿದಳು: "ವಾರಪೂರ್ತಿ ನೆಟ್ಟಗಿರ್ತಿ, ಭಾನುವಾರಕ್ಕೊಮ್ಮೆ ಕೆಮ್ಮತಿ. ಏನವ್ವ ಅದು?"

ಸತ್ಯಮ್ಮ ಅತ್ತೇಬಿಟ್ಟಳು. "ನಾನು ಭಾಳ ಪಾಪಿ ಅದೀನ್ರಿ."

"ಯಾವ ಪಾಪ?"

ಒಂದೊಂದಾಗಿ ಹೊರಬಿದ್ದವು. ಪ್ರಾರ್ಥನೆಯಲ್ಲಿ ಆಕಳಿಕೆ ಬರುತ್ತದೆ. ಟಾಕೀಸಿನ ಹಾಡು ಬಾಯಿಗೆ ಬರುತ್ತದೆ. ಇನ್ನೂ ದೀಕ್ಷಾಸ್ನಾನವಾಗಿ ಕ್ರೈಸ್ತನಾಗದ ಅಣ್ಣನ ಮನೆಯಲ್ಲಿ ಹಬ್ಬದ ಹೋಳಿಗೆ ತಿಂದಿದ್ದಲ್ಲದೆ ಎರಡನೆಯದನ್ನೂ ಕೇಳಿದ್ದಳು.

"ಹೋಳಿಗಿ ಚಲೋ ಇತ್ತೇನು?"

"ಇತ್ರಿ."

"ಮುಂದ ಹೇಳು."

ಕೊನೆಗೆ, ದನಿ ಇಳಿಸಿ, ಮೇಜಿನ ಬಟ್ಟೆಯ ಮಾತು ಬಂತು. ಪ್ರಭುಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆ, ಅಂಚಿಗೆ ದ್ರಾಕ್ಷಿಬಳ್ಳಿಯ ಕಸೂತಿ. ಸಿರುಗುಪ್ಪದ ಜಡೆಮ್ಮ ಎಂಬ ವಿಧವೆ ಆರು ತಿಂಗಳು ಕೂತು ಹಾಕಿ, ಸತ್ಯಮ್ಮನ ಕೈಯಲ್ಲಿ ಕಳಿಸಿದ್ದಳು. ಯಾರು ಹಾಕಿದ್ದೆಂದು ಮಿಶನ್ನಿನ ದೊರೆಸಾನಿ ಕೇಳಿದಾಗ ಸತ್ಯಮ್ಮನ ಬಾಯಿ "ನಾನೇ" ಎಂದಿತ್ತು. ಸಭೆ ಚಪ್ಪಾಳೆ ತಟ್ಟಿತ್ತು.

ಯಂಕಮ್ಮ ಬುಟ್ಟಿ ಪಕ್ಕಕ್ಕಿಟ್ಟಳು. "ನೋಡವ್ವ, 'ನೀ ಕೆಟ್ಟಾಕಿ, ನೀ ಕೆಟ್ಟಾಕಿ' ಅಂತ ಒಳಗೊಂದು ದನಿ ದಿನಾ ಕುಟ್ಟತೈತಲ್ಲ, ನೀನು ಮೂಲ್ಯಾಗ ಕುಂತು ಅತ್ತರ ಅದಕ್ಕ ಸಾಕು. ದೇವರು ಹಂಗ ಮಾತಾಡಂಗಿಲ್ಲ. ಆತ ಯಾರಿಗೆ ತಪ್ಪು ಮಾಡೀಯೋ ಅವರ ಹೆಸರು ಹೇಳ್ತಾನ, ಊರು ಹೇಳ್ತಾನ. ಸಿರುಗುಪ್ಪಕ್ಕ ಹೋಗಾಕ ಬಸ್ ಐತಿ."

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಶನಿವಾರ ಕುರುಗೋಡಿನಲ್ಲಿ ಇದ್ದಿಲು ತುಂಬಲು ನಿಂತಾಗ ಸತ್ಯಮ್ಮ ಕೆಳಗಿಳಿದಳು. ಎದುರಿಗೇ ಬಳ್ಳಾರಿಗೆ ಮರಳುವ ಬಸ್ಸು. ಮಕ್ಕಳಿಗೆ ಬೈಬಲ್ ಕಲಿಸುವ ಕಳ್ಳಿ ನೀನು, ನಿನ್ನಂಥವಳು ಹೋಗಿ ಏನಾಗಬೇಕು, ಎಂದಿತು ಒಳಗಿನ ದನಿ. ಕಾಲು ಆ ಕಡೆ ಹೊರಟೂ ಆಯಿತು. ಆಮೇಲೆ ಹೊಳೆಯಿತು: ಈ ದನಿ ತನ್ನನ್ನು ಯಾವಾಗಲೂ ಹಿಂದಕ್ಕೇ ಕಳಿಸುತ್ತದೆ, ಜಡೆಮ್ಮನ ಕಡೆಗೆ ಒಮ್ಮೆಯೂ ಕಳಿಸಿಲ್ಲ. ಸೆರಗು ಸಿಕ್ಕಿಸಿಕೊಂಡು, ತಾನು ಬಂದ ಬಸ್ಸನ್ನೇ ಮತ್ತೆ ಹತ್ತಿದಳು.

ಸಿರುಗುಪ್ಪದಲ್ಲಿ ಜಡೆಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಸತ್ಯಮ್ಮ ನಿಂತಲ್ಲೇ ಹೇಳಿದಳು: "ಆ ಬಟ್ಟಿ ನಾನು ಹಾಕಿದ್ದು ಅಂತ ಎಲ್ಲಾರಿಗೂ ಸುಳ್ಳು ಹೇಳೀನಿ."

ಮೊರ ನಿಂತಿತು. "ಆರು ತಿಂಗಳು ಕಣ್ಣು ಕೆಡಿಸ್ಕೊಂಡೀನಿ. ಚಲೋ ಐತಿ ಅಂತ ಒಬ್ರೂ ಒಂದು ಕಾರ್ಡ್ ಬರೀಲಿಲ್ಲ. ಅವತ್ತಿಂದ ಸೂಜಿ ಮುಟ್ಟಿಲ್ಲ ನಾನು."

"ತಪ್ಪಾತು. ನಾಳಿ ಸಭೆದಾಗ ಎದ್ದು ಹೇಳ್ತೀನಿ."

"ಹೇಳು. ನನಗೀಗ ಸಿಟ್ಟೈತಿ, ಕ್ಷಮಾ ಗಿಮಾ ಕೇಳಬ್ಯಾಡ. ಮಾರಿ ತುಂಬ ಮಸಿ ಮಾಡ್ಕೊಂಡಿ, ತೊಳಕೊಂಡು ಉಣ್ಣು."

ಉಂಡಳು. ಕ್ಷಮೆ ಸಿಗದಿದ್ದರೂ ಅನ್ನ ಸಲೀಸಾಗಿ ಇಳಿದದ್ದು ಅವಳಿಗೇ ಆಶ್ಚರ್ಯ.

ಮರುದಿನ ಬಳ್ಳಾರಿಯ ಸಭೆಯಲ್ಲಿ ಎದ್ದು ಎರಡೇ ಮಾತಿನಲ್ಲಿ ಹೇಳಿ ಕೂತಳು. ಹೆಂಗಸರು ತಿರುಗಿ ತಿರುಗಿ ನೋಡಿದರು. ಒಬ್ಬಿಬ್ಬರು ಮುಂದೆ ತಿಂಗಳುಗಟ್ಟಲೆ ಮಾತೇ ಬಿಟ್ಟರು. ತಟ್ಟೆ ಬಂದಾಗ ಅವಳು ಕೈಚಾಚಿ ರೊಟ್ಟಿ ತೆಗೆದುಕೊಂಡಳು.

ಇಪ್ಪತ್ತು ದಿನ ಕಳೆದ ಮೇಲೆ ಜಡೆಮ್ಮ ಯಾರಿಂದಲೋ ಬರೆಸಿದ ಕಾರ್ಡು ಬಂತು: "ಸಿಟ್ಟು ಇಳಿದೈತಿ. ಹಸಿರು ದಾರ ಇಲ್ಲಿ ಸಿಗವಲ್ಲದು, ಎರಡು ಉಂಡಿ ತಗೊಂಡು ಬಾ. ರಜಾದಾಗ ಬಂದ್ರ ಬಳ್ಳಿ ಹಾಕೋದು ನಿನಗೂ ಕಲಿಸ್ತೀನಿ."

ಸತ್ಯಮ್ಮ ಸಂಜೆಯೇ ಪೇಟೆಗೆ ಹೊರಟಳು.