ಸೋಮವ್ವನ ಬೀಟ್‌ರೂಟ್, ಸೋಮವ್ವನ ರಾಜಗಿರಿ

ಮನೋಳಿಯ ಸೋಮವ್ವ ಹೊಲದ ರಾಜಗಿರಿ ಸೊಪ್ಪನ್ನು ಕಟ್ಟು ಕಟ್ಟಿ ಸಂತೆಗೆ ಒಯ್ಯುತ್ತಿದ್ದಳು. ಅದನ್ನು ಮಾರಿ ಬರುವಾಗ ಅದೇ ಚೀಲದಲ್ಲಿ ಬೀಟ್‌ರೂಟ್ ತರುತ್ತಿದ್ದಳು. ಸೊಸೆ ಶೈಲಜಾಗೆ ಎಂಟು ತಿಂಗಳು ತುಂಬುತ್ತ ಬಂದಿತ್ತು. ರಕ್ತ ಕಡಿಮೆ ಇದೆ ಎಂದು ಆಸ್ಪತ್ರೆಯಲ್ಲಿ ಎರಡು ಸಲ ಹೇಳಿದ್ದರು. ಕೆಂಪು ತಿಂದರೆ ಕೆಂಪು ರಕ್ತ ಆಗುತ್ತದೆ ಎಂಬುದು ಸೋಮವ್ವನ ನಂಬಿಕೆ. ಬೇಲಿ ಪಕ್ಕ ತಾನಾಗಿ ಹುಟ್ಟುವ ರಾಜಗಿರಿಯನ್ನು ಬಸುರಿಗೆ ಹಾಕಿದರೆ ಬೀಗರು ಏನಂದಾರು ಎಂಬ ಮುಜುಗರ ಬೇರೆ. ಹೊಟ್ಟೆ ತೊಳಸುತ್ತದೆಂದು ಶೈಲಜಾ ಕಬ್ಬಿಣದ ಗುಳಿಗೆ ಬಿಟ್ಟಳು. ಬೀಟ್‌ರೂಟ್ ಇದೆಯಲ್ಲ ಎಂದು ಅತ್ತೆಯೂ ಸುಮ್ಮನಾದಳು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಬುದ್ಧಿ ಹೇಳುವವರು ನಾವೇ. ಕೆಂಪಗಿರುವುದೆಲ್ಲ ರಕ್ತ ಎಂದು ನಂಬುವವರೂ ನಾವೇ.

ಒಂದು ಮುಂಜಾನೆ ಶೈಲಜಾ ಬೀಟ್‌ರೂಟ್ ತಿಂದು ಎದ್ದವಳೇ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದು ಕುಸಿದಳು. ಗಂಡ ಮಹಾದೇವ ಓಡಿ ಹೋಗಿ ಆಶಾ ಕಾರ್ಯಕರ್ತೆ ನೀಲಾಳನ್ನು ಕರೆತಂದ. ನೀಲಾ ಊಟದ ಬಗ್ಗೆ ಕೇಳಿದ್ದಕ್ಕೆ ಸೋಮವ್ವನಿಗೆ ಸಿಟ್ಟು ಬಂತು.

"ದಿನಾ ಎರಡು ಗಡ್ಡಿ ತಿನಸೇನಿ. ಆಕಿ ತುಟಿ ನೋಡವಾ, ಹ್ಯಾಂಗ ಕೆಂಪಗ ಅದಾವ."

ನೀಲಾ ಒದ್ದೆ ಬಟ್ಟೆಯಿಂದ ಆ ತುಟಿ ಒರೆಸಿದಳು. ಕೆಂಪೆಲ್ಲ ಬಟ್ಟೆಗೆ ಬಂತು. ಆಮೇಲೆ ಶೈಲಜಾಳ ಕೆಳಗಿನ ಕಣ್ಣರೆಪ್ಪೆ ಜಗ್ಗಿ ತೋರಿಸಿದಳು. ಒಳಗೆ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು.

"ಸೋಮಕ್ಕಾ, ಹೆರಿಗ್ಯಾಗ ಎಲ್ಲಾರಿಗೂ ರಕ್ತ ಹೋಗತೈತ್ರಿ. ಈಕಿ ಮೈಯಾಗ ಹೋಗಾಕ ರಕ್ತನ ಇಲ್ಲ. ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ ಐತಿ. ಈಗ ಹೊಂಡ್ರಿ."

ಸವದತ್ತಿಯ ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಹಿಮೋಗ್ಲೋಬಿನ್ ಹನ್ನೊಂದು ಇರಬೇಕಾದದ್ದು ಏಳರ ಹತ್ತಿರ ಇತ್ತು. ವೈದ್ಯರು ಸಲೈನ್ ಮೂಲಕ ಕಬ್ಬಿಣಾಂಶ ಕೊಡತೊಡಗಿದರು. ಹೊರಗೆ ಬೆಂಚಿನ ಮೇಲೆ ಕುಳಿತ ಸೋಮವ್ವ, ತನ್ನದೇನು ತಪ್ಪಾಯಿತು ಎಂದು ಕೇಳಿದಳು.

ಬೀಟ್‌ರೂಟ್ ಕೆಟ್ಟದ್ದಲ್ಲ, ತಿನ್ನಲಿ ಎಂದಳು ನೀಲಾ. ಆದರೆ ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣಾಂಶವೂ ಇಲ್ಲ. ಅಷ್ಟೇ ರಾಜಗಿರಿಯಲ್ಲಿ ನಾಲ್ಕು ಮಿಲಿಗ್ರಾಂಗಿಂತ ಹೆಚ್ಚು.

"ಎಲಿಯಾಗ ರಕ್ತ ಎಲ್ಲಿಂದ ಬರಬೇಕವಾ?" ಸೋಮವ್ವನಿಗೆ ಇನ್ನೂ ನಂಬಿಕೆ ಇಲ್ಲ.

"ನಿಮ್ಮ ಎಮ್ಮಿ ಹಸರು ಮೇವು ತಿಂದು ಬಿಳೆ ಹಾಲು ಕೊಡತೈತೋ ಇಲ್ಲೋ? ಬಣ್ಣ ನೋಡಿ ಸತ್ವ ಅಳೀಬ್ಯಾಡ್ರಿ."

ಬರೀ ಪಲ್ಯೆಯಿಂದ ಇಷ್ಟು ದೊಡ್ಡ ಕೊರತೆ ತುಂಬುವುದಿಲ್ಲ ಎಂದೂ ನೀಲಾ ಎಚ್ಚರಿಸಿದಳು. ಗುಳಿಗೆ ಬಿಡಬಾರದು, ಹೊಟ್ಟೆ ತೊಳಸಿದರೆ ಊಟವಾದ ಮೇಲೆ ನುಂಗಬೇಕು. ಪಲ್ಯೆಗೆ ಲಿಂಬೆ ಹಿಂಡಬೇಕು. ಊಟದ ಜೊತೆಗೆ, ಊಟವಾದ ಕೂಡಲೇ ಚಹಾ ಬೇಡ. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ.

ಮುಂದಿನ ಐದು ವಾರ ಆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ರಾಜಗಿರಿ ಸಂತೆಗೆ ಹೋಗುವ ಮೊದಲು ಶೈಲಜಾಳ ತಾಟಿಗೆ ಬರುತ್ತಿತ್ತು, ಊಟವಾದ ಮೇಲಿನ ಗುಳಿಗೆಯೂ ತಪ್ಪುತ್ತಿರಲಿಲ್ಲ. ರಕ್ತ ಪರೀಕ್ಷೆಯಾದಾಗಲೆಲ್ಲ ಸೋಮವ್ವ ಮೊದಲು ಅಂಕಿ ಕೇಳುತ್ತಿದ್ದಳು. ಎಂಟಾಯಿತು, ಒಂಬತ್ತಾಯಿತು. ಹತ್ತು ದಾಟಿದ ವಾರವೇ ನೋವು ಬಂತು.

ಹೆರಿಗೆಯಲ್ಲಿ ರಕ್ತ ಬಹಳ ಹೋಯಿತು. ವೈದ್ಯರು ಹೊರಗೆ ಬಂದು, ತಾಯಿ ಮಗಳು ಇಬ್ಬರೂ ಉಳಿದರು ಎಂದರು. ಐದು ವಾರದ ಹಿಂದಿನ ಸ್ಥಿತಿಯಲ್ಲೇ ಇದ್ದಿದ್ದರೆ ಈ ಮಾತು ಹೇಳಲು ಆಗುತ್ತಿರಲಿಲ್ಲ ಎಂದೂ ಹೇಳಿದರು. ಸೋಮವ್ವ ಮಗನ ಕೈ ಹಿಡಿದುಕೊಂಡು ಅತ್ತಳು.

"ಕಕ್ಕುಲಾತಿಲೆ ತಿನಿಸಿ ತಿನಿಸಿನ ನಾ ಆಕಿನ್ನ ಕಳಕೊಳ್ಳತಿದ್ದೆ, ಮಹಾದೇವಾ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಬಸುರಿ ಇದ್ದಾಳೆಯೇ? ಅವಳ ರಕ್ತ ಎಷ್ಟಿದೆ? ಆ ಅಂಕಿ ಗೊತ್ತಿಲ್ಲದಿದ್ದರೆ ಈ ಹಾಳೆಯನ್ನು ಇಲ್ಲೇ ಇಟ್ಟು, ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ನಡೆಯಿರಿ.