ಎಡಗೈಯ ಗವಸು

ನಾನು ಒಂದು ಬೇಸ್‌ಬಾಲ್ ಗವಸು. ಅಮೆರಿಕದ ಒಂದು ಚರ್ಮದ ಕಾರ್ಖಾನೆಯಲ್ಲಿ ಹೋರಿಯ ತೊಗಲಿನಿಂದ ಹುಟ್ಟಿದೆ. ಆಗ ಹಲಗೆಯಷ್ಟು ಬಿರುಸಾಗಿದ್ದೆ. ನನ್ನನ್ನು ಹದಕ್ಕೆ ತಂದವನು ಗಣಿ ಕಾರ್ಮಿಕನ ಮಗ ಕ್ಯಾಸಿಮಿರ್. ಎಣ್ಣೆ ಸವರಿದ, ಗುದ್ದಿದ, ದಿಂಬಿನಡಿ ಇಟ್ಟು ಮಲಗಿದ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅವನ ಅಂಗೈ ಎಲ್ಲಿ ಮುಗಿಯಿತು, ನಾನೆಲ್ಲಿ ಶುರುವಾದೆ ಎಂದು ನನಗೇ ತಿಳಿಯದಾಯಿತು.

ಅವನು ಔಟ್‌ಫೀಲ್ಡರ್. ಮೈದಾನದ ದೂರದ ಬೇಲಿಯ ಬಳಿ ನಿಂತು, ಆಕಾಶಕ್ಕೆ ಹಾರಿದ ಚೆಂಡನ್ನು ಓಡಿ ಹಿಡಿದು, ಅದೇ ಉಸಿರಿಗೆ ಬಲಗೈಯಿಂದ ಒಳಗೆಸೆಯುವುದು ಅವನ ಕೆಲಸ. ಸಣ್ಣ ಊರುಗಳ ತಂಡಗಳಲ್ಲಿ ನಾಲ್ಕು ವರ್ಷ ಬೆವರಿಳಿಸಿದ ಮೇಲೆ, 1941ರಲ್ಲಿ ದೊಡ್ಡ ಲೀಗಿನಿಂದ ಕರೆ ಬಂತು. ಹನ್ನೊಂದು ಪಂದ್ಯ ಆಡಿದೆವು. ಮುಂದಿನ ವರ್ಷ ಸ್ಥಾನ ಖಾಯಂ ಎಂದರು. ಅಷ್ಟರಲ್ಲಿ ಯುದ್ಧ ಬಂತು. ಬೆನ್ನಿಗೇ ಸೈನ್ಯದ ಕಾಗದವೂ ಬಂತು.

ಹೊರಡುವ ದಿನ ನನ್ನನ್ನು ತಂಗಿ ಹೆಡ್ವಿಗ್‌ಳ ಕೈಗಿತ್ತ. "ಪೆಟ್ಟಿಗೇಲಿ ಹಾಕಿಡ್ಬೇಡ ಕಣೆ, ಚರ್ಮ ಸತ್ತೋಗುತ್ತೆ. ಆಗಾಗ ಚೆಂಡು ಹಿಡೀತಿರು."

ಅವಳು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಮೊದಲು ಹಿತ್ತಿಲಲ್ಲಿ ಆಡಿದಳು. ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ಹೆಂಗಸರ ವೃತ್ತಿಪರ ಲೀಗ್ ಶುರುವಾಯಿತು. ಅದರಲ್ಲಿ ಅವಳೂ ಔಟ್‌ಫೀಲ್ಡರ್ ಆದಳು. ಅವಳ ಕೈ ಚಿಕ್ಕದು. ಬಿಗಿಯಾಗಲೆಂದು ನನ್ನ ದಾರಗಳನ್ನು ಬಿಚ್ಚಿ ಎಳೆದು ಕಟ್ಟಿದಳು. ಚೆಂಡು ನನ್ನೊಳಗೆ ಬಿದ್ದಾಗಲೆಲ್ಲ ಹಿಗ್ಗುತ್ತಿದ್ದೆ. ಮರುಕ್ಷಣವೇ ಆ ದೊಡ್ಡ, ಒರಟು ಅಂಗೈ ನೆನಪಾಗುತ್ತಿತ್ತು.

ಅವಳು ವಾರವಾರ ಅಣ್ಣನಿಗೆ ಕಾಗದ ಬರೆದಳು. ಆಟದ ಸುದ್ದಿ ಮಾತ್ರ ಬರೆಯಲಿಲ್ಲ. "ಅವ್ನು ಅಲ್ಲಿ ಗುಂಡಿನ ಮುಂದೆ ನಿಂತಿರುವಾಗ, ಅವ್ನ ಆಟ ನಾನಾಡ್ತಿದೀನಿ ಅಂತ ಹೇಗೆ ಬರೀಲಮ್ಮ?" ಎಂದು ತಾಯಿಯ ಬಳಿ ಅತ್ತಳು.

1945ರ ಕೊನೆಯಲ್ಲಿ ಕ್ಯಾಸಿಮಿರ್ ಬಂದ. ಬಲಭುಜದಲ್ಲಿ ಬಾಂಬಿನ ಚೂರು ಹೊಕ್ಕ ಗಾಯವಿತ್ತು. ಕೋಟು ಬಿಚ್ಚುವ ಮೊದಲೇ ನನ್ನೊಳಗೆ ಕೈ ತೂರಿಸಿದ. ಬೆರಳ ಗೆಣ್ಣಿನಲ್ಲೇ ಸಿಕ್ಕಿಕೊಂಡಿತು.

"ಇದು ಯಾರ ಕೈ ಅಳತೆ?" ಎಂದ.

ಹೆಡ್ವಿಗ್ ತಲೆ ತಗ್ಗಿಸಿ ಎಲ್ಲ ಹೇಳಿದಳು.

"ಎಷ್ಟು ಪಂದ್ಯ ಆಡ್ದೆ?"

"ಮುನ್ನೂರು."

"ನನಗಿಂತ ಇನ್ನೂರ ಎಂಬತ್ತೊಂಬತ್ತು ಜಾಸ್ತಿ," ಎಂದು ನಗಲು ನೋಡಿದ.

ವಸಂತದಲ್ಲಿ ತಂಡದ ಆಯ್ಕೆಗೆ ಹೋದೆವು. ದಾರ ಸಡಿಲಿಸಿ, ಹೇಗೋ ಕೈ ತುರುಕಿಕೊಂಡಿದ್ದ. ಬೇಲಿಯಂಚಿನಲ್ಲಿ ಹಾರಿ ಹಿಡಿದ ಚೆಂಡು ನನ್ನ ಎದೆಗೇ ಬಂದು ನಿಂತಿತು. ಆದರೆ ಅವನೆಸೆದದ್ದು ಅರ್ಧ ದಾರಿಯಲ್ಲೇ ಹುಲ್ಲಿಗೆ ಬಿದ್ದು ಉರುಳಿತು. ಮತ್ತೆ ಎಸೆದ. ಮತ್ತೆ ಬಿತ್ತು.

ತರಬೇತುದಾರ ಹತ್ತಿರ ಬಂದ. "ಕಣ್ಣು, ಕಾಲು ಎಲ್ಲಾ ಹಾಗೇ ಇದೆ ಕಣಪ್ಪ. ಭುಜ ಒಂದು ವಾಪಸ್ ಬರಲಿಲ್ಲ."

ಮನೆಗೆ ಬಂದವನೇ ನನ್ನನ್ನು ತಂಗಿಯ ಮಡಿಲಲ್ಲಿಟ್ಟ. "ನಿನ್ನ ಕೈಗೇ ಒಗ್ಗಿದೆ. ಆಡು."

ಹೆಂಗಸರ ಲೀಗ್ ಮುಚ್ಚುವವರೆಗೂ ಅವಳು ಆಡಿದಳು. ಅವನು ಗಣಿ ಕಚೇರಿ ಸೇರಿದ.

ಈಗ ನಾನು ಹೆಡ್ವಿಗ್‌ಳ ಮನೆಯ ಕಪಾಟಿನ ಮೇಲಿದ್ದೇನೆ. ಮೈ ಬಿರಿದಿದೆ. ಭಾನುವಾರ ಮಧ್ಯಾಹ್ನ ಮುದುಕ ಕ್ಯಾಸಿಮಿರ್ ಬರುತ್ತಾನೆ. ಅಣ್ಣ ತಂಗಿ ಕೂತು ರೇಡಿಯೋದಲ್ಲಿ ಪಂದ್ಯ ಕೇಳುತ್ತಾರೆ. ಚೆಂಡು ಮೇಲೆ ಹಾರಿತೆಂದು ವಿವರಣೆಗಾರ ಕೂಗಿದೊಡನೆ, ಮೊಣಕಾಲ ಮೇಲಿದ್ದ ಅವನ ಎಡಗೈ ತಾನಾಗಿ ಬಿಚ್ಚಿಕೊಂಡು ಮೇಲೇಳುತ್ತದೆ. ಹೆಡ್ವಿಗ್ ನೋಡಿಯೂ ನೋಡದವಳಂತೆ ಕೂತಿರುತ್ತಾಳೆ. ಅದು ಬರಿಗೈ. ಎರಡು ಮಾರು ದೂರದಲ್ಲಿ ನಾನಿದ್ದೇನೆ.